ತ್ವಾಳದ ಪಾಲು

ಬಾಗಲಕೋಟೆ ಜಿಲ್ಲೆಯ ಗುಡೂರಿನಿಂದ ಯಾವ ದಿಕ್ಕಿಗೆ ಹೊರಟರೂ ಒಂದು ತಾಸಿನೊಳಗೆ ನೆಲ ಬಣ್ಣ ಬದಲಿಸುತ್ತದೆ. ಮೂಡಣಕ್ಕೆ ಇಳಕಲ್ಲಿನ ಕೆಂಪು ಗ್ರಾನೈಟು, ಪಡುವಣಕ್ಕೆ ಬಾದಾಮಿಯ ಮರಳುಗಲ್ಲು, ಬಡಗಣಕ್ಕೆ ಐಹೊಳೆಯ ಮಲಪ್ರಭೆ ದಂಡೆಯ ಎರೆ, ತೆಂಕಣಕ್ಕೆ ಗಜೇಂದ್ರಗಡದ ಗುಡ್ಡಸಾಲು ಮತ್ತು ಅದರ ನೆತ್ತಿಯ ಗಾಳಿಯಂತ್ರಗಳು. ಹೊರಗಿನಿಂದ ಬಂದವರು ಈ ರಸ್ತೆಗಳಲ್ಲಿ ಗುಡಿಯಿಂದ ಗುಡಿಗೆ ಓಡುತ್ತಾರೆ. ಬಾದಾಮಿಯ ಮೇಣಬಸದಿ ನೋಡಿ, ಪಟ್ಟದಕಲ್ಲು ಮುಗಿಸಿ, ಐಹೊಳೆ ಸೇರಿ, ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಹಿಂದಿರುಗುವ ದಾರಿಯಲ್ಲಿ, ನಡುವಿನ ಮಡ್ಡಿ ನೆಲದಲ್ಲಿ ಯಾರೂ ಗಾಡಿ ನಿಲ್ಲಿಸುವುದಿಲ್ಲ. ನಿಲ್ಲಿಸಲು ಅಲ್ಲಿ ಕಣ್ಣಿಗೆ ಬೀಳುವಂಥದ್ದೇನೂ ಇಲ್ಲ. ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಜಾಲಿ, ಇಲ್ಲೊಂದು ಬಾರಿಕಂಟಿ, ಬಿಸಿಲಿಗೆ ಕಾದು ಸಿಪ್ಪೆ ಎದ್ದ ಬಂಡೆ. ಕಾಡೆಂದರೆ ಮಲೆನಾಡಿನ ದಟ್ಟ ಹಸಿರು ಎಂದು ಕಲಿತ ಕಣ್ಣಿಗೆ ಇದು ಬರಡು. ಆದರೆ ತೋಳದ ಮನೆ ಇದೇ. ದಖ್ಖನಿನ ತೋಳ ದಟ್ಟಡವಿಯ ಪ್ರಾಣಿಯಲ್ಲ. ಅದು ಹುಲ್ಲುಗಾವಲು, ಕುರುಚಲು, ಹೊಲದ ಬದು ಮತ್ತು ಕುರಿಹಿಂಡಿನ ಜಾಡಿನ ಪ್ರಾಣಿ. ಈ ಸೀಮೆಯ ಬಾಯಲ್ಲಿ ಅದು ‘ತ್ವಾಳ’. ಅದರ ಬಗ್ಗೆ ಮಾತೆತ್ತಿದರೆ ಬೇಟೆ ಬಲ್ಲ ಮನೆತನಗಳಿಂದ ಬರುವ ಉತ್ತರಕ್ಕೆ ಒಂದೇ ಧಾಟಿ: ನಾವು ಅಡವಿ ತಿರುಗುತ್ತಿದ್ದಾಗ ಎಲ್ಲ ಲೆಕ್ಕದಾಗಿತ್ತು, ಕಾಯಿದೆ ಬಂದಮೇಲೆ ಲೆಕ್ಕ ತಪ್ಪಿತು. ಹಂದಿ ಹೆಚ್ಚಿದವು, ನಾಯಿ ಹೆಚ್ಚಿದವು, ಕುರಿಗೆ ಕಾವಲಿಲ್ಲದಾಯಿತು. ಪ್ರಾಣಿಗಳ ಸಂಖ್ಯೆಯನ್ನು ಹತೋಟಿಯಲ್ಲಿಡುವ ಕೆಲಸವನ್ನು ಅವುಗಳ ಜಾಡು ಬಲ್ಲವರ ಕೈಗೇ ಕೊಡಬೇಕು. ಈ ಮಾತನ್ನು ಕಳ್ಳಬೇಟೆಗಾರರ ನೆಪ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ಆ ಮಾತಿನೊಳಗೆ ಎರಡು ಬೇಡಿಕೆಗಳು ಹೆಣೆದುಕೊಂಡಿವೆ. ಪ್ರಾಣಿಯನ್ನು ಬಲ್ಲವನಿಗೆ ಅದರ ವಿಷಯದಲ್ಲಿ ದನಿ ಇರಬೇಕು ಎಂಬುದೊಂದು, ಅವನ ಕೈಗೆ ಕೊಲ್ಲುವ ಹಕ್ಕು ಮರಳಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ನಾನು ಪೂರ್ತಿ ಒಪ್ಪುತ್ತೇನೆ. ಎರಡನೆಯದು ತೋಳದ ಮಟ್ಟಿಗಂತೂ ನಿಲ್ಲುವುದಿಲ್ಲ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿರುವುದರಿಂದ ತೋಳವೂ ಕೆಟ್ಟಿದೆ, ಬೇಟೆಗಾರನೂ ಕೆಟ್ಟಿದ್ದಾನೆ.

ಬೇಟೆಗಾರನ ಪರವಾದ ವಾದವನ್ನು ಅದರ ಪೂರ್ತಿ ಬಲದಲ್ಲೇ ಮುಂದಿಡಬೇಕು, ಏಕೆಂದರೆ ಅದಕ್ಕೆ ಬಲವಿದೆ. ಈ ನೆಲದ ಹಳೆಯ ವಾಸಿಗಳು ಬೇಟೆಗಾರರೇ. ಬಾದಾಮಿಯ ಗುಡ್ಡದೊಳಗಿನ ಸಿಡಿಲಪಡಿಯಲ್ಲಿ, ಚಾಲುಕ್ಯರ ಉಳಿ ಬಂಡೆ ಮುಟ್ಟುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲು, ಮನುಷ್ಯರು ಕಲ್ಲಾಸರೆಯ ಗೋಡೆಗೆ ಬಣ್ಣ ಬಳಿದಿದ್ದಾರೆ, ಚಿಕ್ಕ ಚಿಕ್ಕ ಕಲ್ಲಿನ ಆಯುಧಗಳನ್ನು ಬಿಟ್ಟು ಹೋಗಿದ್ದಾರೆ. ಕನ್ನಡ ಶಾಸನಗಳಲ್ಲಿಯೂ ಬೇಟೆ ಹೀನವೃತ್ತಿಯಾಗಿ ಬರುವುದಿಲ್ಲ. ಮಂಡ್ಯ ಸೀಮೆಯ ಆತಕೂರಿನಲ್ಲಿ ಸಿಕ್ಕ, 949-50ರ ಸುಮಾರಿನ ಶಾಸನದ ವಿಷಯ ಕಾಳಿ ಎಂಬ ಒಂದು ಬೇಟೆನಾಯಿ. ಹಂದಿಯೊಡನೆ ಕಾದಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ಬಿಟ್ಟರು. ಆ ನಾಯಿಗೌರವ ಬಾಗಲಕೋಟೆ ಜಿಲ್ಲೆಗೆ ಹೊಸದಲ್ಲ. ಮುಧೋಳದ ಬೇಟೆನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು, ಆಮೇಲೆ ಸೇನೆಯ ತರಬೇತಿಗೂ ಹೋಯಿತು. ಇಲ್ಲಿನ ಬೇಟೆ ಬಲ್ಲ ಸಮುದಾಯಗಳ ಹೆಸರುಗಳನ್ನೇ ಕೇಳಿ: ಬೇಡರು, ಪಾರ್ಧಿಗಳು, ಅಡವಿಚಿಂಚೇರರು, ಹರಣಶಿಕಾರಿಗಳು. ಹರಣ ಎಂದರೆ ಜಿಂಕೆ. ಕಸುಬೇ ಕುಲದ ಹೆಸರಾಗಿದೆ. 1980ರ ದಶಕದ ಆರಂಭದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಮಾನವಶಾಸ್ತ್ರಜ್ಞ ಕೈಲಾಶ್ ಮಲ್ಹೋತ್ರಾ ಪಶ್ಚಿಮ ಮಹಾರಾಷ್ಟ್ರದ ಅಲೆಮಾರಿ ಜಾತಿಗಳನ್ನು ಅಧ್ಯಯನ ಮಾಡಿ ತೋರಿಸಿದ ಸಂಗತಿ ಇಲ್ಲಿಗೂ ಅನ್ವಯಿಸುತ್ತದೆ. ಒಂದೇ ಸೀಮೆಯಲ್ಲಿ ತಿರುಗುವ ಬೇಟೆ ಸಮುದಾಯಗಳು ಒಂದೇ ಪ್ರಾಣಿಯ ಬೆನ್ನು ಹತ್ತುತ್ತಿರಲಿಲ್ಲ. ನಂದಿವಾಲರು ನಾಯಿ ಕಟ್ಟಿಕೊಂಡು ಹಂದಿ, ಮುಳ್ಳುಹಂದಿ, ಉಡ ಹಿಡಿದರೆ, ವೈದುಗಳು ಮುಂಗುಸಿ, ಪುನುಗಿನಂಥ ಸಣ್ಣ ಮಾಂಸಾಹಾರಿಗಳನ್ನು ಹಿಡಿದರು, ಫಾಸೆಪಾರ್ಧಿಗಳು ಉರುಲಿನಿಂದ ಚಿಗರಿ ಮತ್ತು ಹಕ್ಕಿ ಹಿಡಿದರು. ಉರುಲಿಗೆ ಬಿದ್ದ ಗಬ್ಬದ ಚಿಗರಿಯನ್ನೂ ಮರಿಯನ್ನೂ ಬಿಟ್ಟುಬಿಡುವ ಕಟ್ಟಳೆ ಅವರಲ್ಲಿತ್ತು. ಹಂಚಿಕೆಯೂ ತಡೆಯೂ ಎರಡೂ ಇದ್ದ ವ್ಯವಸ್ಥೆಯನ್ನು ‘ನಿರ್ವಹಣೆ’ ಎನ್ನದೆ ಬೇರೇನನ್ನಬೇಕು?

ಆ ಉರುಲನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಳೆಯ ಉರುಲು ನರದಿಂದಲೋ ತೊಗಲಿನಿಂದಲೋ ಹೊಸೆದದ್ದು. ಒಂದು ಉದ್ದನೆಯ ಹಗ್ಗಕ್ಕೆ ಗೇಣಿಗೊಂದರಂತೆ ಕುಣಿಕೆ ಕಟ್ಟಿ, ಗೂಟ ಹೊಡೆದು, ಚಿಗರಿಗಳು ಹಾಯುವ ಜಾಡಿಗೆ ಅಡ್ಡಲಾಗಿ ಹುಲ್ಲಿನಲ್ಲಿ ಹಾಸುತ್ತಿದ್ದರು. ಪಳಗಿಸಿದ ಎತ್ತಿನ ಮರೆಯಲ್ಲಿ ನಿಧಾನ ನಡೆದು ಹಿಂಡನ್ನು ಉರುಲಿನತ್ತ ತಿರುಗಿಸುತ್ತಿದ್ದರು. ಕಾಲು ಸಿಕ್ಕಿಕೊಂಡ ಕ್ಷಣಕ್ಕೆ ಬೇಟೆಗಾರ ಅಲ್ಲೇ ಇರುತ್ತಿದ್ದ. ಇರಲೇಬೇಕಿತ್ತು, ಇಲ್ಲದಿದ್ದರೆ ನರದ ಹುರಿ ಹರಿದು ಪ್ರಾಣಿ ಓಡಿಹೋಗುತ್ತಿತ್ತು. ಸಿಕ್ಕದ್ದು ಗಂಡೋ ಹೆಣ್ಣೋ, ಗಬ್ಬವೋ ಅಲ್ಲವೋ ಎಂದು ನೋಡಿ ತೀರ್ಮಾನಿಸುವ ಅವಕಾಶ ಅವನಿಗಿತ್ತು. ಇಂದಿನ ಉರುಲು ಬೈಕಿನ ಕ್ಲಚ್ ವೈರು. ಮಾರು ಉದ್ದದ ಆ ಉಕ್ಕಿನ ತಂತಿಯನ್ನು ಬೇಲಿಯ ಕಿಂಡಿಯಲ್ಲೋ ಹೊಲದ ಬದುವಿನ ಕಂಟಿಯಲ್ಲೋ ಕುಣಿಕೆ ಮಾಡಿ ಬಿಗಿದು ಮನೆಗೆ ಹೋಗಿ ಮಲಗಬಹುದು. ಅದು ಹರಿಯುವುದಿಲ್ಲ, ಕೊಳೆಯುವುದಿಲ್ಲ, ಎಳೆದಷ್ಟೂ ಬಿಗಿಯುತ್ತದೆ. ಹಂದಿಗೆಂದು ಹಾಕಿದ್ದಕ್ಕೆ ಚಿರತೆ ಬಿದ್ದೀತು, ಕತ್ತೆಕಿರುಬ ಬಿದ್ದೀತು, ಕುರಿ ಕಾಯುವವನ ನಾಯಿ ಬಿದ್ದೀತು, ತೋಳ ಬಿದ್ದೀತು. ಎರಡಕ್ಕೂ ಉರುಲು ಎಂಬ ಒಂದೇ ಹೆಸರಿದ್ದರೂ ಮೊದಲನೆಯದರ ತುದಿಯಲ್ಲಿ ಒಬ್ಬ ಮನುಷ್ಯನ ವಿವೇಚನೆ ಇತ್ತು, ಎರಡನೆಯದರ ತುದಿಯಲ್ಲಿ ಯಾರೂ ಇಲ್ಲ. ‘ನಾವಿದ್ದಾಗ ಲೆಕ್ಕದಾಗಿತ್ತು’ ಎಂಬ ಮಾತು ನರದ ಉರುಲಿನ ಕಾಲಕ್ಕೆ ನಿಜವಿರಬಹುದು. ಕ್ಲಚ್ ವೈರಿನ ಕಾಲದಲ್ಲಿ ಅದೇ ಮಾತನ್ನು ಆಡಿದರೆ ಅಜ್ಜನ ಪುಣ್ಯವನ್ನು ಮೊಮ್ಮಗ ಖರ್ಚು ಮಾಡಿದಂತೆ.

ಲೆಕ್ಕ ತಪ್ಪಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಎಂಬುದನ್ನೂ ಚರಿತ್ರೆ ಒಪ್ಪುವುದಿಲ್ಲ. ಅದಕ್ಕೆ ನೂರು ವರ್ಷ ಮೊದಲೇ ಲೆಕ್ಕ ತಪ್ಪಿತ್ತು, ತಪ್ಪಿಸಿದ್ದು ಬೇಟೆಯೇ. ಕಂಪನಿ ಸರಕಾರವೂ ಆಮೇಲಿನ ಬ್ರಿಟಿಷ್ ಆಡಳಿತವೂ ಹುಲಿ, ಚಿರತೆ, ತೋಳಗಳನ್ನು ಪೀಡೆಗಳೆಂದು ಹೆಸರಿಸಿ ತಲೆಗಿಷ್ಟು ಎಂದು ಇನಾಮು ಕೊಟ್ಟವು. ಇತಿಹಾಸಕಾರ ಮಹೇಶ್ ರಂಗರಾಜನ್ ಸರಕಾರಿ ದಾಖಲೆಗಳನ್ನು ಕೂಡಿಸಿ ಹೇಳುವ ಪ್ರಕಾರ, 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಇನಾಮಿಗಾಗಿ ಕೊಂದ ಹುಲಿಗಳು 80,000ಕ್ಕೂ ಹೆಚ್ಚು, ಚಿರತೆಗಳು 1,50,000ಕ್ಕೂ ಹೆಚ್ಚು, ತೋಳಗಳು 2,00,000. ಹುಲಿಗೆ ದೊರೆಗಳ ಶಿಕಾರಿಯ ವೈಭವವಾದರೂ ಇತ್ತು. ತೋಳದ ಪಾಲಿಗೆ ಬಂದದ್ದು ಹೊಗೆ ಹಾಕಿದ ಬಿಲ, ಗುದ್ದಲಿ, ಬಡಿಗೆ. ಮರಿಗಳ ತಲೆಗೂ ಇನಾಮಿದ್ದ ಕಡೆ ಬಿಲ ಅಗೆಯುವುದೇ ಕಸುಬಾಯಿತು. ಹಳ್ಳಕ್ಕೆ ಬಿದ್ದ ತೋಳಕ್ಕೆ ಆಳಿಗೊಂದು ಕಲ್ಲು ಎಂಬ ನಮ್ಮ ಗಾದೆ ಸರಕಾರದ ಧೋರಣೆಯೇ ಆಗಿಹೋದ ಕಾಲ ಅದು. ಅದೇ ಆಡಳಿತ ಬೇಟೆಗಾರನನ್ನೂ ಬಿಡಲಿಲ್ಲ. 1857ರಲ್ಲಿ ಆಯುಧ ಒಪ್ಪಿಸಿರಿ ಎಂಬ ಕಾಯಿದೆ ಬಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೇರಿಸಿದರು. ಆ ಘಟನೆಯ ಲಾವಣಿ ಇಂದಿಗೂ ಈ ಜಿಲ್ಲೆಯ ಕೊರಳಲ್ಲಿದೆ. 1871ರಲ್ಲಿ ಅಪರಾಧಿ ಬುಡಕಟ್ಟು ಕಾಯಿದೆ ಬಂತು. ಅದರ ಮುಂದುವರಿಕೆಯಾಗಿ ಪಾರ್ಧಿ, ಹರಣಶಿಕಾರಿಗಳಂಥವರನ್ನು ಹುಟ್ಟುಗಳ್ಳರೆಂದು ಬರೆದುಕೊಂಡು ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ತಂತಿಬೇಲಿಯ ಸೆಟಲ್ಮೆಂಟುಗಳೊಳಗೆ ಕೂಡಿಹಾಕಿದರು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ದೇಶದ ಕಾಗದದಿಂದ ಆ ಕಾಯಿದೆ ಅಳಿಯಿತು. ಊರಿನ ಬಾಯಿಂದ ಅಳಿಯಲಿಲ್ಲ. ತೋಳಕ್ಕೂ ಅದನ್ನು ಬಲ್ಲ ಮನುಷ್ಯನಿಗೂ ಒಂದೇ ಕೈ ಒಂದೇ ಕಾಲದಲ್ಲಿ ಪೀಡೆ ಎಂಬ ಹಣೆಪಟ್ಟಿ ಕಟ್ಟಿತು ಎನ್ನುವುದನ್ನು ಮರೆತು ಈ ಚರ್ಚೆಯನ್ನು ಮಾಡಲಾಗದು. ಸಂಖ್ಯೆಯನ್ನು ‘ನಿಭಾಯಿಸುವ’ ಮಾತು ಕೇಳಿದಾಗ ಯಾವ ಬೇಟೆಗಾರ ಎಂದು ಕೇಳಬೇಕಾದದ್ದು ಇದಕ್ಕೇ. ಎತ್ತಿನ ಮರೆಯಲ್ಲಿ ನಡೆದವನೋ, ಇನಾಮಿಗೆ ಬಿಲ ಅಗೆದವನೋ?

ಈಗ ಲೆಕ್ಕಕ್ಕೇ ಬರೋಣ. ಯಾವುದೇ ಪ್ರಾಣಿಯ ಸಂಖ್ಯೆಯನ್ನು ಬೇಟೆಯಿಂದ ಹತೋಟಿಯಲ್ಲಿಡಬೇಕೆಂದರೆ ಮೊದಲು ಅದು ಎಷ್ಟಿದೆ ಎಂದು ಗೊತ್ತಿರಬೇಕು, ಇರುವುದರಲ್ಲಿ ಮಿಗುವಷ್ಟು ಇರಬೇಕು, ಮಿಕ್ಕಿದ್ದಕ್ಕಿಂತ ಒಂದೂ ಹೆಚ್ಚು ಕೊಲ್ಲದಂತೆ ತಡೆಯುವ ಕಟ್ಟು ಇರಬೇಕು. ಭಾರತದ ತೋಳಗಳ ಸಂಖ್ಯೆಯ ಬಗ್ಗೆ ಈಚಿನ ಅಂದಾಜುಗಳು ಸುಮಾರು ಮೂರು ಸಾವಿರದ ಸುತ್ತ ನಿಲ್ಲುತ್ತವೆ. 2022ರ ಗಣತಿಯಲ್ಲಿ ದೇಶದ ಹುಲಿಗಳ ಅಂದಾಜು 3,682. ಅಂದರೆ ನಾವು ಹುಲಿಯನ್ನು ರಾಷ್ಟ್ರೀಯ ಪ್ರಾಣಿಯೆಂದು ಎತ್ತಿ ಆಡಿಸುತ್ತಿರುವ ಹೊತ್ತಿನಲ್ಲಿ, ಊರ ಹೊರಗಿನ ಮಡ್ಡಿಯ ತೋಳ ಹುಲಿಗಿಂತ ಕಡಿಮೆಯಾಗಿದೆ. ಇದರಲ್ಲಿ ‘ಮಿಗತೆ’ ಎಲ್ಲಿಂದ ತರುವುದು? ತೋಳದ ಸಂಸಾರದ ರೀತಿಯನ್ನು ನೋಡಿದರೆ ಕೊಲ್ಲುವ ವಾದ ಇನ್ನಷ್ಟು ಸಡಿಲವಾಗುತ್ತದೆ. ಒಂದು ಗುಂಪಿನಲ್ಲಿ ಸಾಮಾನ್ಯವಾಗಿ ಮರಿ ಹಾಕುವುದು ಒಂದೇ ಜೋಡಿ. ಉಳಿದವು ಹಿಂದಿನ ಸೂಲುಗಳ ಮಕ್ಕಳು, ಬೇಟೆಗೂ ಮರಿ ಸಾಕುವುದಕ್ಕೂ ಹೆಗಲು ಕೊಡುವವು. ಒಂದು ಗುಂಪಿಗೆ ನೂರಾರು ಚದರ ಕಿಲೋಮೀಟರು ನೆಲ ಬೇಕು, ಅದರೊಳಗೆ ಇನ್ನೊಂದು ಗುಂಪನ್ನು ಅವು ಬಿಟ್ಟುಕೊಳ್ಳುವುದಿಲ್ಲ. ಅವುಗಳ ಸಂಖ್ಯೆಗೆ ಕಟ್ಟು ಹಾಕುವುದು ಈ ಗಡಿ ಮತ್ತು ಸಿಗುವ ಆಹಾರ. ಹಿರಿಯ ಗಂಡನ್ನೋ ಹೆಣ್ಣನ್ನೋ ಹೊಡೆದರೆ ಗುಂಪು ಒಡೆದು, ಚಿಗರಿ, ಮೊಲ ಹಿಡಿಯುವ ಪಾಠ ಇನ್ನೂ ಮುಗಿಯದ ಎಳೆಯ ತೋಳಗಳು ದಿಕ್ಕಾಪಾಲಾಗುತ್ತವೆ. ಅವಕ್ಕೆ ಮೊದಲು ಕಾಣುವುದು ಕುರಿಮರಿ. ಕುರಿ ಉಳಿಸಲು ಹೊಡೆದ ಗುಂಡು ಕುರಿಗೇ ತಗಲುವುದು ಹೀಗೆ.

ಕುರಿಯ ಮಾತು ಬಂತು, ಅದನ್ನು ತೇಲಿಸಿ ಮುಂದೆ ಹೋಗಲಾಗದು. ಈ ವಾದಕ್ಕೆಲ್ಲ ಬೆಲೆ ತೆರುವವನು ಕುರುಬ. ಅಮೀನಗಡದ ಕುರಿ ಸಂತೆಯಲ್ಲಿ ಕಂಬಳಿ ಹೊದ್ದು ನಿಂತವನಿಗೆ ಒಂದೊಂದು ಕುರಿಯೂ ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ಸಮ. ಸುಗ್ಗಿ ಮುಗಿದ ಎರೆಹೊಲದಲ್ಲಿ ಗೊಬ್ಬರಕ್ಕಾಗಿ ಹಿಂಡು ನಿಲ್ಲಿಸಿ, ಸುತ್ತ ಬಲೆ ಕಟ್ಟಿ, ಕೋಲಿಗೆ ಗದ್ದ ಊರಿ ರಾತ್ರಿ ಕಳೆಯುವವನು ಅವನು. ತೋಳ ಬರುವುದು ನಸುಕಿನಲ್ಲಿ ಅಥವಾ ಹೊತ್ತು ಮುಳುಗುವಾಗ. ಒಂದು ತೋಳ ಹಿಂಡನ್ನು ಬೆದರಿಸಿ ಓಡಿಸುತ್ತದೆ, ಮತ್ತೊಂದು ತೋಳ ಬದಿಯಿಂದ ನುಗ್ಗಿ ಮರಿ ಕಚ್ಚಿಕೊಂಡು ಹೋಗುತ್ತದೆ. ಕುರಿ ಕಾಯುವವರ ಮಾತಿನಲ್ಲಿ ‘ತ್ವಾಳದ ಪಾಲು’ ಎಂಬುದುಂಟು. ದಖ್ಖನಿನ ಧನಗರರಲ್ಲಿ ತೋಳ ತಮ್ಮ ವಂಶದ್ದೇ ಪಾಲುದಾರ ಎಂಬ ಕಥೆಯಿದೆ. ಈ ಸಹನೆ ದೊಡ್ಡದು, ಆದರೆ ಅದರ ಮೇಲೆ ಭಾರ ಹೇರುತ್ತ ಹೋಗುವುದು ನ್ಯಾಯವಲ್ಲ. ಪೇಟೆಯಲ್ಲಿ ಕೂತು ತೋಳ ಉಳಿಯಲಿ ಎನ್ನುವವರೆಲ್ಲರ ಪರವಾಗಿ ಪಾಲು ಕೊಡುತ್ತಿರುವವನು ಅವನೊಬ್ಬನೇ. ಆಕಸ್ಮಿಕವಾಗಿ ಸತ್ತ ಕುರಿ-ಮೇಕೆಗೆ ರಾಜ್ಯದ ಅನುಗ್ರಹ ಯೋಜನೆಯಲ್ಲಿ ಪರಿಹಾರವಿದೆ, ಕಾಡುಪ್ರಾಣಿ ಕೊಂದ ಜಾನುವಾರಿಗೆ ಅರಣ್ಯ ಇಲಾಖೆಯ ಪರಿಹಾರವಿದೆ. ಕಷ್ಟವಿರುವುದು ಬೇರೆ ಕಡೆ. ಪಂಚನಾಮೆಗೆ ಕಳೇಬರ ಬೇಕು. ತೋಳ ಮರಿಯನ್ನು ಎತ್ತಿಕೊಂಡೇ ಹೋಗಿರುತ್ತದೆ. ಹಿಂಡು ಇಂದು ಗುಡೂರಿನ ಹೊಲದಲ್ಲಿದ್ದರೆ ನಾಡಿದ್ದು ಹುನಗುಂದದ ದಾರಿಯಲ್ಲಿ. ಅಧಿಕಾರಿ ಬರುವವರೆಗೆ ನಿಂತರೆ ಉಳಿದ ಕುರಿಗಳಿಗೆ ಮೇವಿಲ್ಲ. ಅಲೆಯುವವನ ನಷ್ಟವನ್ನು ನೆಲೆ ನಿಂತವನ ಕಾಗದದಲ್ಲಿ ಅಳೆಯಲು ಹೊರಟರೆ ಅವನು ಕಚೇರಿಯ ಮೆಟ್ಟಿಲು ಹತ್ತುವುದನ್ನು ಬಿಟ್ಟು ಸತ್ತ ಕುರಿಗೆ ವಿಷ ಸವರಿ ಇಟ್ಟರೆ ಅಚ್ಚರಿಯೇನು? ಕುರುಬನ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟಿಗೆ ಬೇಟೆಗಾರ ಕೊಡುವ ಪರಿಹಾರ ಮಾತ್ರ ಇನಾಮಿನ ಐವತ್ತು ವರ್ಷಗಳಲ್ಲಿ ಪರೀಕ್ಷೆಯಾಗಿ ಹೋಗಿದೆ. ಎರಡು ಲಕ್ಷ ತೋಳ ಸತ್ತ ಮೇಲೂ ಕುರಿ ಸಾಯುವುದು ನಿಲ್ಲಲಿಲ್ಲ. ಗಟ್ಟಿಯಾದ ಬಲೆ, ಕೊರಳಿಗೆ ಮುಳ್ಳಿನ ಪಟ್ಟಿ ಕಟ್ಟಿದ ಎರಡು ಒಳ್ಳೆಯ ನಾಯಿ, ಹಿಂಡು ಯಾವ ತಾಲ್ಲೂಕಿನಲ್ಲಿದ್ದರೂ ಮೂರೇ ದಿನದಲ್ಲಿ ಕೈಗೆ ಬರುವ ಪರಿಹಾರ, ಇವುಗಳಿಂದ ಉಳಿಯುವ ಕುರಿಗಳೇ ಹೆಚ್ಚು.

ಪರದೇಶದ ಬೇಟೆಗಾರರನ್ನು ತೋರಿಸುವವರೂ ಇದ್ದಾರೆ. ಅಮೆರಿಕದಲ್ಲಿ 1937ರಿಂದ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯ ಹಣ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ. ಲೈಸೆನ್ಸು ಕೊಂಡ ಬೇಟೆಗಾರ ಅಲ್ಲಿ ಸಂರಕ್ಷಣೆಯ ಖರ್ಚು ಹೊರುವವನೂ ಹೌದು. ಈ ಮಾತು ಸುಳ್ಳಲ್ಲ. ಜಿಂಕೆ, ಬಾತುಗಳ ಮಟ್ಟಿಗೆ ಅದು ಚೆನ್ನಾಗಿಯೇ ನಡೆದಿದೆ. ತೋಳಕ್ಕೆ ಬಂದಾಗ ಏನಾಯಿತು ಎಂಬುದನ್ನು ವಿಸ್ಕಾನ್ಸಿನ್ ರಾಜ್ಯದಲ್ಲಿ ನೋಡಬಹುದು. 2021ರ ಫೆಬ್ರುವರಿಯಲ್ಲಿ ಅಲ್ಲಿ 200 ತೋಳ ಕೊಲ್ಲಬಹುದು ಎಂದು ನಿಗದಿ ಮಾಡಿದರು. ಅದರಲ್ಲಿ 119 ರಾಜ್ಯದ ಬೇಟೆಗಾರರ ಪಾಲು, 81 ಒಜಿಬ್ವೆ ಮೂಲನಿವಾಸಿಗಳ ಪಾಲು. ತೋಳವನ್ನು ಒಡಹುಟ್ಟು ಎಂದೇ ಭಾವಿಸುವ ಒಜಿಬ್ವೆಗಳು ತಮ್ಮ ಪಾಲಿನ ಒಂದನ್ನೂ ಕೊಲ್ಲಲಿಲ್ಲ; ಆ 81 ಬದುಕಲಿ ಎಂದೇ ಅವರು ಅದನ್ನು ಪಡೆದಿದ್ದರು. ಉಳಿದ ಬೇಟೆಗಾರರು ಮೂರು ದಿನ ತುಂಬುವುದರೊಳಗೆ 218 ತೋಳಗಳನ್ನು ಹೊಡೆದರು. ಲೈಸೆನ್ಸು, ಗಣತಿ, ದಿನದ ವರದಿ ಎಲ್ಲ ಇದ್ದ ನಾಡಿನಲ್ಲಿ, ಬೇಟೆ ನಿಲ್ಲಿಸಿರಿ ಎಂಬ ಆಜ್ಞೆ ಜಾರಿಗೆ ಬರುವ ಮೊದಲೇ ಕಟ್ಟು ಒಡೆದುಹೋಗಿತ್ತು. ಯುರೋಪಿನಲ್ಲಿ 2024ರ ಡಿಸೆಂಬರಿನಲ್ಲಿ ತೋಳದ ರಕ್ಷಣೆಯನ್ನು ಒಂದು ಮೆಟ್ಟಿಲು ಇಳಿಸಲು ಬರ್ನ್ ಒಪ್ಪಂದದ ದೇಶಗಳು ಒಪ್ಪಿದವು. ಅದನ್ನು ಇಲ್ಲಿಯೂ ಉದಾಹರಿಸುವ ಮೊದಲು ಯುರೋಪಿನಲ್ಲಿ 20 ಸಾವಿರಕ್ಕೂ ಹೆಚ್ಚು ತೋಳಗಳಿವೆ ಎಂಬುದನ್ನು ನೆನೆಯಬೇಕು. ಮೂರು ಸಾವಿರ ಉಳಿಸಿಕೊಂಡ ದೇಶ ಅವರ ಜಗಳವನ್ನು ಎರವಲು ತರಬೇಕಾಗಿಲ್ಲ. ನನ್ನ ಮನಸ್ಸಿಗೆ ಹಿಡಿಸುವುದು ಒಜಿಬ್ವೆಗಳ ನಡತೆ. ಕೊಲ್ಲುವ ಹಕ್ಕು ಕೈಯಲ್ಲಿದ್ದೂ ಬಳಸದ ಬೇಟೆಗಾರರು ಅವರು. ಗಬ್ಬದ ಚಿಗರಿಯನ್ನು ಬಿಟ್ಟ ಫಾಸೆಪಾರ್ಧಿ ಅವರನ್ನು ಕಂಡಿದ್ದರೆ ಗುರುತಿಸುತ್ತಿದ್ದ.

ಹಂದಿಯ ವಿಷಯ ಬೇರೆ. ಇಲ್ಲಿ ಬೇಟೆಗಾರನ ಮಾತಿಗೆ ನಾನು ತಲೆದೂಗುತ್ತೇನೆ. ಗೋವಿನಜೋಳ, ಶೇಂಗಾ ಹಾಕಿದ ರೈತನಿಗೆ ಒಂದು ರಾತ್ರಿಯಲ್ಲಿ ಆಗುವ ನಷ್ಟ ಕಣ್ಣೆದುರಿಗಿದೆ. ಹಂದಿ ಒಂದು ಸೂಲಿಗೆ ಐದಾರು ಮರಿ ಹಾಕುವ, ಏನು ಸಿಕ್ಕರೂ ತಿಂದು ಬದುಕುವ ಪ್ರಾಣಿ. ಅದನ್ನು ತೋಳದ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬೇಕಿಲ್ಲ. ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅವಕಾಶ 1972ರ ಕಾಯಿದೆಯಲ್ಲಿಯೇ ಇದೆ. ಕೇರಳ 2022ರಲ್ಲಿ ಆ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ಮಟ್ಟಕ್ಕೆ ಇಳಿಸಿ, ಲೈಸೆನ್ಸಿರುವ ಬಂದೂಕಿನವರ ಪಟ್ಟಿ ಮಾಡಿಸಿತು. ಅಂಥ ಏರ್ಪಾಡು ನಮ್ಮಲ್ಲಿಯೂ ಬರಲಿ. ಯಾರು, ಎಲ್ಲಿ, ಎಷ್ಟು ಎಂದು ಬರೆದಿಟ್ಟು ಹೊಡೆಯುವ ಒಂದು ಗುಂಡು, ಬರೆಯದೆ ಕಟ್ಟಿದ ಹತ್ತು ಕ್ಲಚ್ ವೈರುಗಳಿಗಿಂತ ಮೇಲು. ಹಿಟ್ಟಿನುಂಡೆಯೊಳಗೆ ಅಡಗಿಸಿಡುವ ಸಿಡಿಮದ್ದಿಗಿಂತಲೂ ಮೇಲು. ಅದನ್ನು ಕಚ್ಚಿ ದವಡೆ ಒಡೆದುಕೊಂಡ ಆಕಳು, ನಾಯಿಗಳ ಗೋಳು ಹಳ್ಳಿಗಳಿಗೆ ಹೊಸದಲ್ಲ. ಹಂದಿಯ ಮೇಲಿನ ಕೋಪಕ್ಕೆ ಕಾಯಿದೆಯ ದಾರಿ ಕೈಗೆಟುಕದಿರುವುದೇ ತೋಳದ ಕೊರಳಿಗೆ ತಂತಿ ಬೀಳಲು ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ.

ತೋಳ ಮಕ್ಕಳನ್ನು ಹೊತ್ತೊಯ್ದರೆ? 2024ರಲ್ಲಿ ಉತ್ತರಪ್ರದೇಶದ ಬಹರಾಯಿಚ್‌ನಲ್ಲಿ ನಡೆದದ್ದನ್ನು, 1996ರಲ್ಲಿ ಅದೇ ರಾಜ್ಯದ ಮೂಡಣ ಜಿಲ್ಲೆಗಳಲ್ಲಿ ನಡೆದದ್ದನ್ನು ಅಲ್ಲಗಳೆಯಲಾಗದು. ಮಗು ಕಳೆದುಕೊಂಡ ತಾಯಿಗೆ ಸಂಖ್ಯೆಯ ಪಾಠ ಹೇಳುವ ಧೈರ್ಯ ಯಾರಿಗೂ ಬೇಡ. ಮನುಷ್ಯರ ಜೀವಕ್ಕೆ ಅಪಾಯವಾದ ಪ್ರಾಣಿಯನ್ನು, ಅದು ಅತಿ ಹೆಚ್ಚಿನ ರಕ್ಷಣೆಯ ಮೊದಲ ಪಟ್ಟಿಯದೇ ಆಗಿರಲಿ, ಹಿಡಿಯಲು, ಬೇರೆ ದಾರಿ ಇಲ್ಲದಿದ್ದರೆ ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರಿಗೆ 1972ರ ಕಾಯಿದೆಯ 11ನೆಯ ಕಲಮು ಅಧಿಕಾರ ಕೊಟ್ಟಿದೆ. ತಪ್ಪು ಮಾಡಿದ ಒಂದನ್ನು ಹುಡುಕಿ ತೆಗೆಯುವುದಕ್ಕೂ ಇಡೀ ಕುಲವನ್ನು ಕಡಿಮೆ ಮಾಡುವುದಕ್ಕೂ ವ್ಯತ್ಯಾಸವಿದೆ. ಕುಲವನ್ನೇ ಅಪರಾಧಿ ಎಂದು ಬರೆದುಕೊಂಡ 1871ರ ಕಾಯಿದೆಯ ಗಾಯ ಹೊತ್ತ ಸಮುದಾಯಗಳಿಗೆ ಆ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಯಾವ ತೋಳ, ಅಥವಾ ಅದು ತೋಳವೋ ನಾಯಿಯೋ, ಎಂದು ಹೆಜ್ಜೆಯಿಂದ ಹೇಳಬಲ್ಲವರು ಬೇಕಾಗುತ್ತಾರೆ. ಬೀದಿನಾಯಿ ಹಿಂಡುಗಳು ಕೊಂದ ಎಷ್ಟೋ ಕುರಿಗಳು ತೋಳದ ಲೆಕ್ಕಕ್ಕೆ ಜಮಾ ಆಗುತ್ತವೆ. ಆ ನಾಯಿಗಳಿಂದಲೇ ತೋಳಕ್ಕೆ ರೇಬಿಸ್, ಡಿಸ್ಟೆಂಪರ್ ಅಂಟುತ್ತವೆ. ಪುಣೆಯ ಹತ್ತಿರ ನಾಯಿ-ತೋಳ ಬೆರಕೆಯಾದದ್ದೂ ವಂಶವಾಹಿ ಪರೀಕ್ಷೆಯಲ್ಲಿ ಖಚಿತವಾಗಿದೆ.

ಜಾಡು ಬಲ್ಲ ಮನುಷ್ಯ ಬೇಕು ಎಂಬ ಈ ಹಂತದಲ್ಲಿ ಆಕ್ಷೇಪ ಬರುವುದು ಇನ್ನೊಂದು ಬದಿಯಿಂದ, ವನ್ಯಜೀವಿ ಪ್ರೇಮಿಗಳಿಂದ. ಬೇಟೆಗಾರನಿಗೆ ಬಾಗಿಲು ತೆರೆದರೆ ಬೇಟೆಗೇ ಬಾಗಿಲು ತೆರೆದಂತೆ ಎನ್ನುತ್ತಾರೆ. ಭಯಕ್ಕೆ ಆಧಾರವಿಲ್ಲದಿಲ್ಲ, ಮಧ್ಯ ಭಾರತದ ಹುಲಿ ಹತ್ಯೆಗಳಲ್ಲಿ ಪಾರ್ಧಿಗಳ ಹೆಸರು ಕೇಳಿಬಂದಿದೆ. ಆದರೆ ಅಲ್ಲಿಯದೇ ಆದ, ಮಧ್ಯಪ್ರದೇಶದ ಪನ್ನಾ ಹುಲಿಧಾಮ, 2009ರಲ್ಲಿ ಒಂದೂ ಹುಲಿ ಉಳಿಯದೆ ಬರಿದಾದ ಪನ್ನಾ, ಮುಂದೆ ಪಾರ್ಧಿ ಮಕ್ಕಳಿಗೆ ವಸತಿಶಾಲೆ ನಡೆಸಿತು, ಪಾರ್ಧಿ ಯುವಕರು ಪ್ರವಾಸಿಗರನ್ನು ಕಾಡಿನಂಚಿನಲ್ಲಿ ನಡೆಸಿಕೊಂಡು ಹೋಗಿ ಹೆಜ್ಜೆ, ಕೂಗು, ವಾಸನೆ ಗುರುತಿಸುವುದನ್ನು ಕಲಿಸುವಂತಾಯಿತು. ಕೇರಳದ ಪೆರಿಯಾರಿನಲ್ಲಿ 1990ರ ದಶಕದ ಕೊನೆಗೆ ಕಾಡಿನಿಂದ ವಯಣ ಮರದ ತೊಗಟೆ ಕದಿಯುತ್ತಿದ್ದವರೇ ಕಾವಲುಗಾರರಾದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ನಡೆಸಿದ್ದು ಬಿಹಾರದ ಮಿರ್‌ಶಿಕಾರಿ ಬಲೆಗಾರರ ಕೈಚಳಕದಿಂದ. ಸಾಲಿಂ ಅಲಿಯವರ ವಿಜ್ಞಾನಕ್ಕೆ ಆ ಕೈಗಳು ಬೇಕಾಗಿದ್ದವು. ಇವೆಲ್ಲ ಕಡೆ ಕೊಟ್ಟದ್ದು ಸಂಬಳ ಮತ್ತು ಮರ್ಯಾದೆ, ಬಂದೂಕನ್ನಲ್ಲ. ಕರ್ನಾಟಕದಲ್ಲಿ ಪಾರ್ಧಿ, ಅಡವಿಚಿಂಚೇರ, ಹರಣಶಿಕಾರಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಆ ಪಟ್ಟಿ ಅವರ ಬಡತನವನ್ನು ಗುರುತಿಸಿತು, ಜ್ಞಾನವನ್ನು ಗುರುತಿಸುವ ಪಟ್ಟಿ ಇನ್ನೂ ಆಗಬೇಕಾಗಿದೆ.

ಆ ಜ್ಞಾನ ಈ ಸೀಮೆಗೆ ಏಕೆ ತುರ್ತಾಗಿ ಬೇಕೆಂದರೆ, ಬೇಲಿ ಹಾಕಿ ತೋಳವನ್ನು ಉಳಿಸಲಾಗದು. 1974ರಷ್ಟು ಹಿಂದೆಯೇ ಮೇಲುಕೋಟೆಯಲ್ಲಿ ತೋಳಕ್ಕಾಗಿ ಅಭಯಾರಣ್ಯವಾಯಿತು. ನಮ್ಮ ನೆರೆಯ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಚೆಗೆ ಘೋಷಿಸಿದ ತೋಳಧಾಮ ಸ್ವಾಗತಾರ್ಹವೇ. ಅದರ ವಿಸ್ತಾರ ಸುಮಾರು 332 ಹೆಕ್ಟೇರು, ಮೂರು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ತೋಳದ ಗುಂಪೊಂದು ಅಷ್ಟನ್ನು ಒಂದು ರಾತ್ರಿಯ ತಿರುಗಾಟದಲ್ಲಿ ದಾಟಿ ಹೊಲಕ್ಕಿಳಿದಿರುತ್ತದೆ. ಬಾಗಲಕೋಟೆ ಜಿಲ್ಲೆಯದೇ ಯಡಹಳ್ಳಿಯ ಚಿಂಕಾರ ಧಾಮ ಸುಮಾರು 96 ಚದರ ಕಿಲೋಮೀಟರು, ಗದುಗಿನ ಕಪ್ಪತಗುಡ್ಡ 244. ದೊಡ್ಡವೇ ಆದರೂ, ಇವೆಲ್ಲವುಗಳ ನಡುವೆ ಗುಡೂರಿನಂಥ ಊರುಗಳ ಮಡ್ಡಿ, ಗೋಮಾಳ, ಹಳ್ಳದ ದಂಡೆಗಳೇ ತೋಳದ ಸೇತುವೆ. ಸರಕಾರದ ಕಾಗದದಲ್ಲಿ ಅವು ಬಂಜರು, ಪಾಳು. ಪಾಳೆಂದು ಬರೆದ ನೆಲವನ್ನು ಸೌರಫಲಕಕ್ಕೋ ಕಲ್ಲಿನ ಕ್ವಾರಿಗೋ ನೆಡುತೋಪಿಗೋ ಕೊಡಲು ಒಂದು ಸಹಿ ಸಾಕು. ಅಲ್ಲಿ ತೋಳದ ಬಿಲವಿತ್ತೆಂದು ಹೇಳಬೇಕಾದವರಿಗೆ ಬಿಲ ಎಲ್ಲಿದೆಯೆಂದೇ ಗೊತ್ತಿಲ್ಲ, ಗೊತ್ತಿದ್ದವರನ್ನು ಯಾರೂ ಕೇಳುವುದಿಲ್ಲ. ‘ಸಂಖ್ಯೆ ನಿಭಾಯಿಸುವುದು’ ಎಂಬ ಮಾತನ್ನು ನಾನು ತಿರುಗಿಸಿ ಕೇಳಬೇಕೆನ್ನುವುದು ಇಲ್ಲಿ: ಈ ಸೀಮೆಯಲ್ಲಿ ನಿಭಾಯಿಸಬೇಕಾಗಿರುವ ಸಂಖ್ಯೆ ಹುಲ್ಲುಗಾವಲಿನ ಎಕರೆಗಳದ್ದು, ಬೀದಿನಾಯಿಗಳದ್ದು, ತಂತಿ ಉರುಲುಗಳದ್ದು. ಈ ಮೂರನ್ನೂ ನಡೆದು ಎಣಿಸಬಲ್ಲ ಜನ ಊರ ಹೊರಗಿನ ಗುಡಿಸಲುಗಳಲ್ಲಿದ್ದಾರೆ.

ಎಣಿಸುವ ಹಂಗಾಮೂ ಗೊತ್ತಿರುವುದೇ. ಚಳಿ ಶುರುವಾಗಿ ಬಿಳಿಜೋಳ ತೆನೆ ಹಿಡಿಯುವ ಹೊತ್ತಿಗೆ ತೋಳ ಮರಿ ಹಾಕುತ್ತದೆ. ಬಂಡೆಯ ಸಂದಿನಲ್ಲೋ, ಹಳ್ಳದ ದಂಡೆಯ ಮಣ್ಣಿನಲ್ಲಿ ಕೊರೆದ ಬಿಲದಲ್ಲೋ ನಾಲ್ಕೈದು ಮರಿ. ಬಿಲದ ಬಾಯಿಯ ಮಣ್ಣು ಮರಿಗಳ ಹೊಟ್ಟೆ ತಾಗಿ ನುಣುಪಾಗಿರುತ್ತದೆ. ಸುತ್ತ ಕೂದಲು ಸಿಕ್ಕಿಕೊಂಡ ಹಿಕ್ಕೆ, ಬಿಸಿಲಿಗೆ ಬೆಳ್ಳಗಾದ ಕುರಿಮರಿಯ ದವಡೆ. ನಾಯಿಯ ಹೆಜ್ಜೆ ಗುಂಡಗೆ, ಅಡ್ಡಾದಿಡ್ಡಿ. ತೋಳದ್ದು ನೀಳ, ನಡುವಿನ ಎರಡು ಬೆರಳು ಮುಂದೆ ಚಾಚಿ, ಹಿಂದಿನ ಕಾಲು ಮುಂದಿನ ಕಾಲಿನ ಗುರುತಿನ ಮೇಲೇ ಬಿದ್ದು, ದಾರ ಹಿಡಿದು ಎಳೆದಂತೆ ಒಂದೇ ಗೆರೆಯಲ್ಲಿ ಸಾಗುತ್ತದೆ. ಹಳ್ಳದ ಸಣ್ಣ ಮರಳಿನ ಮೇಲೆ ನಸುಕಿನ ಓರೆ ಬೆಳಕು ಬಿದ್ದಾಗ ಆ ಗೆರೆ ಒಂದರ್ಧ ತಾಸು ಸ್ಪಷ್ಟವಾಗಿ ಕಾಣುತ್ತದೆ. ಬಿಸಿಲೇರಿ ಗಾಳಿ ಎದ್ದಮೇಲೆ, ಗುಡೂರಿನ ದಾರಿ ಹಿಡಿದ ಮೊದಲ ಕುರಿಹಿಂಡು ಅದರ ಮೇಲೆ ಹಾದುಹೋಗುತ್ತದೆ.